ನಮ್ಮ ಶಾಲೆಗಳಲ್ಲಿ ಪ್ರಶ್ನೆಯ ಬರಗಾಲ

ಶಿಕ್ಷಣದ ಸುಧಾರಣೆಯೆಂದೊಡನೆ ನಮ್ಮಲ್ಲಿ ಕಟ್ಟಡದ ಮಾತು ಹೊರಡುತ್ತದೆ, ಅನುದಾನದ ಮಾತು ಹೊರಡುತ್ತದೆ, ಪಠ್ಯಪುಸ್ತಕದಲ್ಲಿ ಯಾವ ಪಾಠವಿರಬೇಕು ಯಾವದಿರಬಾರದು ಎಂಬ ಜಗಳ ಹೊರಡುತ್ತದೆ. ಈಚೆಗೆ ಗಣಕಯಂತ್ರಗಳ ಮಾತೂ ಬಲವಾಗಿದೆ. ಇವು ಬೇಡವೆನ್ನುವ ಅವಿವೇಕಿ ಯಾರೂ ಇಲ್ಲ. ಆದರೆ ಭದ್ರವಾದ ಕಟ್ಟಡದಲ್ಲಿ, ಹೊಸ ಪುಸ್ತಕವನ್ನು ಮುಂದಿಟ್ಟುಕೊಂಡು, ಕೈಕಟ್ಟಿ ಕುಳಿತ ನಲವತ್ತು ಮಕ್ಕಳಲ್ಲಿ ಮೂವತ್ತು ಮಕ್ಕಳ ಮನಸ್ಸು ಕಿಟಕಿಯಿಂದಾಚೆ ಹಾರಿಹೋಗಿದ್ದರೆ, ಆ ಕಟ್ಟಡಕ್ಕೂ ಆ ಪುಸ್ತಕಕ್ಕೂ ಸಂದ ಹಣವು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಒಂದು ಗಂಟೆ ಬಾರಿಸಿದಂದಿನಿಂದ ಇನ್ನೊಂದು ಗಂಟೆ ಬಾರಿಸುವವರೆಗಿನ ನಲವತ್ತು ನಿಮಿಷಗಳಲ್ಲಿ ತರಗತಿಯೊಳಗೆ ಏನು ನಡೆಯುತ್ತದೆ? ಶಿಕ್ಷಣದ ಪ್ರಶ್ನೆಗಳಲ್ಲೆಲ್ಲ ಇದೇ ಮೂಲಪ್ರಶ್ನೆ. ಇದನ್ನೇ ನಾವು ಕೇಳದೆ ಬಿಟ್ಟಿದ್ದೇವೆ.

ಮಕ್ಕಳ ಮನಸ್ಸನ್ನು ಪಾಠದಲ್ಲಿ ನಿಲ್ಲಿಸುವ ಸಾಧನ ಯಾವದು? ಹಿಂದಿನವರು ಬೆತ್ತವೆಂದರು. ಬೆತ್ತವು ಮೈಯನ್ನು ಬೆಂಚಿನ ಮೇಲೆ ನಿಲ್ಲಿಸಬಲ್ಲದೇ ಹೊರತು ಮನಸ್ಸನ್ನು ಪಾಠದಲ್ಲಿ ನಿಲ್ಲಿಸಲಾರದು. ಇನ್ನು ಕೆಲವರು ಮಾಸ್ತರರ ವಾಕ್ಚಾತುರ್ಯವೆಂದರು. ಸೊಗಸಾದ ಮಾತು ಕೇಳುವಷ್ಟು ಹೊತ್ತು ಹಿತವೆನಿಸುತ್ತದೆ. ಹರಿಕಥೆ ಕೇಳಿ ಮನೆಗೆ ಬಂದವನಿಗೆ ದಾಸರ ಕಂಠ ನೆನಪಿರುತ್ತದೆ, ಕಥೆಯ ತಿರುಳು ಅರ್ಧ ಮರೆತಿರುತ್ತದೆ. ಮನಸ್ಸು ಎಚ್ಚತ್ತು ಕೆಲಸಕ್ಕೆ ತೊಡಗುವದು ತಾನೇ ಉತ್ತರ ಕೊಡಬೇಕಾದ ಪ್ರಸಂಗ ಬಂದಾಗ. ಆದುದರಿಂದ ತರಗತಿಯ ಜೀವಾಳವೆಂದರೆ ಪ್ರಶ್ನೆ. ಅದೂ ನಿಜವಾದ ಪ್ರಶ್ನೆ. ನಮ್ಮ ಶಾಲೆಗಳಲ್ಲಿ ಬರಗಾಲ ಬಿದ್ದಿರುವದು ಇದಕ್ಕೇ ಎಂಬದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ವಕೀಲಿಯ ಕಸುಬಿನವನಿಗೆ ಪಾಠಶಾಲೆಯ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ಗುಜರಾತದ ಗಿಜುಭಾಯಿ ಬಧೇಕಾ ಅವರು ವಕೀಲರೇ ಆಗಿದ್ದರು. ಅವರು ವಕೀಲಿಯನ್ನು ಬಿಟ್ಟು ೧೯೧೬ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, ೧೯೨೦ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದು, ಭಾರತದ ಶಿಶುಶಿಕ್ಷಣಕ್ಕೆ ಹೊಸ ದಾರಿ ಹಾಕಿಕೊಟ್ಟರು. ಅಂಥ ತ್ಯಾಗದ ಹೆಮ್ಮೆ ನನಗಿಲ್ಲ. ಆದರೆ ಪ್ರಶ್ನೆ ಕೇಳುವದೇ ನಮ್ಮ ಕಸುಬಿನ ಹೊಟ್ಟೆಪಾಡು. ಒಳ್ಳೆಯ ಪ್ರಶ್ನೆಗೂ ಹುಸಿ ಪ್ರಶ್ನೆಗೂ ಇರುವ ಅಂತರವನ್ನು ನ್ಯಾಯಾಸ್ಥಾನವು ನಮಗೆ ದಿನವೂ ಕಲಿಸುತ್ತದೆ. ಆ ಒಂದು ಅನುಭವದ ಬಲದಿಂದಲೇ ಈ ನಾಲ್ಕು ಮಾತು.

ಸಾಕ್ಷಿಗಾರನನ್ನು ಕರೆತಂದ ವಕೀಲನು ಮುಖ್ಯ ವಿಚಾರಣೆಯಲ್ಲಿ ಅವನಿಗೆ ಸೂಚಕ ಪ್ರಶ್ನೆಯನ್ನು ಹಾಕಕೂಡದೆಂಬದು ನಮ್ಮ ಸಾಕ್ಷ್ಯಶಾಸ್ತ್ರದ ಹಳೆಯ ನಿಯಮ. ೧೮೭೨ರ ಕಾಯಿದೆಯಲ್ಲಿ ಅದು ಇತ್ತು. ಆ ಕಾಯಿದೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಸೂಚಕ ಪ್ರಶ್ನೆಯೆಂದರೆ ಕೇಳುವವನು ಬಯಸುವ ಉತ್ತರವನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡ ಪ್ರಶ್ನೆ. “ಆ ರಾತ್ರಿ ನೀನು ಆರೋಪಿಯನ್ನು ಬಾವಿಯ ಹತ್ತಿರ ಕಂಡೆಯಲ್ಲವೇ?” ಎಂದು ಕೇಳಿದರೆ ಎದುರು ಪಕ್ಷದವರು ಕೂಡಲೆ ತಕರಾರು ಎತ್ತುವರು. “ಆ ರಾತ್ರಿ ನೀನು ಎಲ್ಲಿದ್ದಿ? ಏನನ್ನು ಕಂಡಿ?” ಎಂದೇ ಕೇಳಬೇಕು. ಏಕೆಂದರೆ ಮೊದಲಿನ ಪ್ರಶ್ನೆಗೆ ಬಂದ “ಹೌದು” ಎಂಬ ಮಾತು ಸಾಕ್ಷಿಗಾರನದಲ್ಲ, ವಕೀಲನದು. ಅದರಿಂದ ಸಾಕ್ಷಿಗಾರನಿಗೆ ಏನು ಗೊತ್ತಿದೆಯೆಂಬದು ನ್ಯಾಯಾಧೀಶರಿಗೆ ತಿಳಿಯುವದೇ ಇಲ್ಲ.

ಈಗ ಈ ಅಳತೆಗೋಲನ್ನು ಹಿಡಿದುಕೊಂಡು ನಮ್ಮ ಯಾವದೊಂದು ಶಾಲೆಯ ಪಡಸಾಲೆಯಲ್ಲಿ ಹತ್ತು ನಿಮಿಷ ನಿಂತು ಕೇಳಿರಿ. “ಸಹ್ಯಾದ್ರಿಯು ಮೋಡಗಳನ್ನು ತಡೆಯುತ್ತದೆ. ಏನು ಮಾಡುತ್ತದೆ?” — “ತಡೆಯುತ್ತದ್ರೀ ಸರ!” “ಆದ್ದರಿಂದ ಕರಾವಳಿಯಲ್ಲಿ ಮಳೆ ಹೆಚ್ಚು, ಹೌದೋ ಅಲ್ಲವೋ?” — “ಹೌದ್ರೀ ಸರ!” “ತಿಳಿಯಿತೇ?” — “ತಿಳೀತ್ರೀ ಸರ!” ನಲವತ್ತು ಕಂಠಗಳ ಒಕ್ಕೊರಲು ಹೆಂಚು ಹಾರಿಸುವಂತಿರುತ್ತದೆ, ಹಾದಿಯಲ್ಲಿ ಹೋಗುವವನಿಗೆ ಆಹಾ, ಎಂಥ ಉತ್ಸಾಹದ ಶಾಲೆಯೆನಿಸುತ್ತದೆ. ಆದರೆ ಅಲ್ಲಿ ಕೇಳಿದವೆಲ್ಲ ಸೂಚಕ ಪ್ರಶ್ನೆಗಳು. ನ್ಯಾಯಾಸ್ಥಾನದಲ್ಲಿ ಒಂದೂ ನಿಲ್ಲಲಾರದು. ಆ ಒಕ್ಕೊರಲಿನಲ್ಲಿ ತಿಳಿದವನೆಷ್ಟು ಮಂದಿ, ತಿಳಿಯದವನೆಷ್ಟು ಮಂದಿ, ಬಾಯಿಯನ್ನಷ್ಟೇ ಆಡಿಸಿದವನೆಷ್ಟು ಮಂದಿ? ಮಾಸ್ತರರಿಗೂ ಗೊತ್ತಿಲ್ಲ. “ತಿಳಿಯಿತೇ?” ಎಂಬದಂತೂ ಪ್ರಶ್ನೆಯೇ ಅಲ್ಲ, “ತಿಳಿಯಲಿಲ್ಲ” ಎನ್ನುವ ಧೈರ್ಯ ನಲವತ್ತರ ನಡುವೆ ಯಾವ ಮಗುವಿಗಿದೆ?

ಈ ರೋಗ ಇಂದಿನದಲ್ಲ, ಕೇವಲ ಇಂಗ್ಲಿಷರು ತಂದದ್ದೂ ಅಲ್ಲ. ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ತನ್ನ ಜಿಲ್ಲೆಯ ದೇಶೀ ಶಾಲೆಗಳ ವಿಷಯವಾಗಿ ಮದ್ರಾಸಿನ ಸರಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದನು. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದ ರೀತಿಯನ್ನೂ, ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದ ಪದ್ಧತಿಯನ್ನೂ ಅವನು ಮನಸಾರೆ ಹೊಗಳಿದ್ದಾನೆ. ಇಂಗ್ಲಂಡವು ಇದನ್ನು ಅನುಕರಿಸಿದ್ದು ಯುಕ್ತವೇ ಎಂದಿದ್ದಾನೆ. ಅದು ನಿಜವೂ ಹೌದು. ಮದ್ರಾಸಿನಲ್ಲಿ ಈ ರೀತಿಯನ್ನು ಕಂಡು ಪ್ರಯೋಗಿಸಿದ ಆಂಡ್ರೂ ಬೆಲ್ಲನು ೧೭೯೭ರಲ್ಲಿ ಅದರ ವೃತ್ತಾಂತವನ್ನು ಅಚ್ಚುಹಾಕಿಸಿದ ಮೇಲೆ ಇಂಗ್ಲಂಡದಲ್ಲಿ ಅದು ‘ಮದ್ರಾಸ ಪದ್ಧತಿ’ಯೆಂದೇ ಹೆಸರಾಯಿತು. ನಮ್ಮ ಜಗಲಿಯ ಶಾಲೆಗಳಿಂದ ಜಗತ್ತು ಒಂದು ಪಾಠ ಕಲಿತಿತೆಂಬದು ನಾವು ಹೆಮ್ಮೆಪಡತಕ್ಕ ಸಂಗತಿ.

ಆದರೆ ಅದೇ ವರದಿಯ ಇನ್ನೊಂದು ಮಾತನ್ನು ನಾವು ಮರೆಮಾಚಬಾರದು. ಮಕ್ಕಳು ಅಸಂಖ್ಯ ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರೂ ಅವುಗಳ ಅರ್ಥ ಅವರಿಗೆ ಗಿಣಿಗೆ ತಿಳಿದಷ್ಟೇ ತಿಳಿದಿರುತ್ತಿತ್ತೆಂದು ಕ್ಯಾಂಬೆಲ್ಲನು ಬರೆದಿದ್ದಾನೆ. ಪುಸ್ತಕದ ಭಾಷೆ ಒಂದು, ಬಾಯಿಯ ಭಾಷೆ ಇನ್ನೊಂದು. ನಡುವೆ ಸೇತುವೆ ಕಟ್ಟುವ ಪ್ರಶ್ನೆಯನ್ನು ಕೇಳುವವರಿರಲಿಲ್ಲ. ಇನ್ನೂರು ವರ್ಷಗಳು ಕಳೆದವು. ಮರಳು ಹೋಗಿ ಪಾಟಿ ಬಂದಿತು, ಪಾಟಿ ಹೋಗಿ ವಹಿ ಬಂದಿತು. ಗಿಣಿ ಮಾತ್ರ ಅಲ್ಲಿಯೇ ಕುಳಿತಿದೆ.

ಹಾಗೆಂದು ಪ್ರಶ್ನೆಯು ನಮ್ಮ ನಾಡಿನ ಮಣ್ಣಿಗೆ ಹೊಸತೆನ್ನಬೇಡಿರಿ. ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಯ ಬಳಿಗೆ ಹೋಗಿ ಕೇಳಿದ ಆರು ಪ್ರಶ್ನೆಗಳಿಂದಲೇ ಒಂದು ಉಪನಿಷತ್ತಿಗೆ ಪ್ರಶ್ನೋಪನಿಷತ್ತೆಂಬ ಹೆಸರು ಬಂದಿದೆ. ಆ ಮಹರ್ಷಿಯು ಅವರಿಗೆ ಒಂದು ವರುಷ ತನ್ನಲ್ಲಿ ವಾಸವಾಗಿರಲು ಹೇಳಿ, ಆ ಮೇಲೆ ಬೇಕಾದುದನ್ನು ಕೇಳಿರೆಂದನು. ತನಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುವೆನೆಂದನು. ‘ತಿಳಿದಿದ್ದರೆ’ ಎಂಬ ಆ ಒಂದು ಮಾತಿನಲ್ಲಿ ಎಂಥ ಗುರುತ್ವವಿದೆ! ಗೀತೆಯು ಜ್ಞಾನಾರ್ಜನೆಗೆ ಹೇಳಿದ ಮೂರು ಸಾಧನಗಳಲ್ಲಿ ಪ್ರಣಿಪಾತ, ಸೇವೆಗಳ ಜೊತೆಗೆ ಪರಿಪ್ರಶ್ನೆಯೂ ಒಂದು. ನಮ್ಮ ಕನ್ನಡದ ಶೂನ್ಯಸಂಪಾದನೆಯಂತೂ ಶರಣರು ಒಬ್ಬರನ್ನೊಬ್ಬರು ಕೇಳಿ, ಕೆಣಕಿ, ಒರೆಗೆ ಹಚ್ಚುವ ಸಂವಾದವಾಗಿಯೇ ರಚಿತವಾಗಿದೆ. ನಾವು ಪ್ರಣಿಪಾತವನ್ನೂ ಸೇವೆಯನ್ನೂ ಇಟ್ಟುಕೊಂಡು ಪರಿಪ್ರಶ್ನೆಯನ್ನು ಮಾತ್ರ ಕಳೆದುಕೊಂಡೆವು.

ಹಾಗಾದರೆ ಏನು ಮಾಡಬೇಕು? ಉಪದೇಶ ಸುಲಭ, ಉಪಾಯ ಬೇಕು. ಬಡ ಶಾಲೆಯ ಉಪಾಧ್ಯಾಯರು ನಾಳೆಯಿಂದಲೇ ಕಾಸು ವೆಚ್ಚವಿಲ್ಲದೆ ಮಾಡಬಹುದಾದ ಕೆಲವು ಸಂಗತಿಗಳನ್ನಷ್ಟೇ ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆಯನ್ನು ಬಿಟ್ಟು, ಮಗು ತಾನೇ ಕಟ್ಟಬೇಕಾದ ಉತ್ತರದ ಪ್ರಶ್ನೆಯನ್ನು ಕೇಳುವದು. “ಕಾರವಾರದ ಮೇಲೆ ಧಾರಾಕಾರವಾಗಿ ಸುರಿದ ಮೋಡವು ಗದಗಕ್ಕೆ ಬರುವಷ್ಟರಲ್ಲಿ ಬರಿದಾಗುವದೇಕೆ?” ಎಂದು ಕೇಳಿರಿ. ಒಬ್ಬನು ದೂರವೆನ್ನುವನು, ಒಬ್ಬಳು ಗುಡ್ಡವೆನ್ನುವಳು, ಇನ್ನೊಬ್ಬನು ಕಾಡು ಎನ್ನುವನು. “ದೂರವೇ ಕಾರಣವಾದರೆ ಗದಗಕ್ಕಿಂತ ಎಷ್ಟೋ ದೂರದ ಊರುಗಳಲ್ಲಿ ಕೆಲವೆಡೆ ಹೆಚ್ಚು ಮಳೆ ಬೀಳುವದು ಹೇಗೆ?” ಎಂದು ಪಾಟೀಸವಾಲು ಹಾಕಿರಿ. ಅಷ್ಟರಲ್ಲಿ ಕಿಟಕಿಯಾಚೆಗೆ ಹೋದ ಮನಸ್ಸುಗಳೆಲ್ಲ ಒಳಗೆ ಬಂದು ಕುಳಿತಿರುತ್ತವೆ.

ಕಿತ್ತೂರಿನ ಪಾಠವನ್ನೇ ತೆಗೆದುಕೊಳ್ಳಿರಿ. ಧಾರವಾಡದ ಕಲೆಕ್ಟರ ಥ್ಯಾಕರೆಯು ಕಿತ್ತೂರಿನಲ್ಲಿ ಮಡಿದದ್ದು ಯಾವಾಗ ಎಂದು ಕೇಳಿದರೆ ೧೮೨೪ರ ಅಕ್ಟೋಬರ ೨೩ ಎಂದು ಒಬ್ಬ ಜಾಣನು ಹೇಳಿಬಿಡುವನು, ಮಿಕ್ಕವರು ಹಾಯಾಗಿರುವರು. ಅದರ ಬದಲು ತರಗತಿಯನ್ನು ಎರಡು ಪಾಳಿ ಮಾಡಿ, ಒಂದು ಪಾಳಿ ರಾಣಿ ಚೆನ್ನಮ್ಮನ ವಕೀಲರು, ಇನ್ನೊಂದು ಪಾಳಿ ಕುಂಪಣಿಯ ವಕೀಲರು ಎನ್ನಿರಿ. ದೇಸಾಯಿಯ ದತ್ತಕವು ಊರ್ಜಿತವೇ, ಅಲ್ಲವೇ? ದತ್ತಕವನ್ನು ಒಪ್ಪದಿದ್ದರೆ ಸಂಸ್ಥಾನದ ಉತ್ಪನ್ನ ಯಾರ ಪಾಲಾಗುವದು? ವಾರಸುದಾರಿಕೆಯನ್ನು ನಿರ್ಣಯಿಸುವ ಅಧಿಕಾರ ಯಾರಿಗೆ? ಹನ್ನೆರಡು ವರುಷದ ಮಕ್ಕಳು ಇದನ್ನು ವಾದಿಸಬಲ್ಲರು; ಹೊಲಮನೆಗಳ ವಾಟಣಿಯ ಜಗಳ ಕೇಳದ ಮಗು ನಮ್ಮ ಹಳ್ಳಿಗಳಲ್ಲಿ ಯಾವದಿದೆ? ಹೀಗೆ ವಾದಿಸಿದ ಮಗುವಿಗೆ ಇಸವಿಯನ್ನು ಬೇರೆ ಬಾಯಿಪಾಠ ಮಾಡಿಸಬೇಕಾಗುವದಿಲ್ಲ.

ಎರಡನೆಯದು, ಪ್ರಶ್ನೆಯನ್ನು ಮೊದಲು ಕೇಳಿ, ತಡೆದು, ಆ ಮೇಲೆ ಹೆಸರು ಹಿಡಿಯುವದು. “ಬಸವರಾಜಾ, ಹೇಳು—” ಎಂದು ಹೆಸರಿನಿಂದ ಆರಂಭಿಸಿದ ಕ್ಷಣವೇ ಬಸವರಾಜನನ್ನು ಬಿಟ್ಟು ಮಿಕ್ಕವರೆಲ್ಲ ಋಣಮುಕ್ತರಾಗುವರು. ತಡೆಯುವದೂ ಅಷ್ಟೇ ಮುಖ್ಯ. ಅಮೇರಿಕೆಯ ಮೇರಿ ಬಡ್ ರೋ ಎಂಬ ವಿದುಷಿಯು ಅನೇಕ ತರಗತಿಗಳ ವಿಜ್ಞಾನ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಪರೀಕ್ಷಿಸಿ, ೧೯೭೦ರ ದಶಕದಲ್ಲಿ ತನ್ನ ಶೋಧವನ್ನು ಪ್ರಕಟಿಸಿದಳು. ಉಪಾಧ್ಯಾಯರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು ಮಾತ್ರ! ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಸುಮ್ಮನೆ ಕೂಡ್ರುವವರು ಕಡಿಮೆಯಾದರು, ಮಂದರೆನಿಸಿಕೊಂಡವರು ಬಾಯಿಬಿಟ್ಟರು, ಮಕ್ಕಳು ತಾವಾಗಿ ಪ್ರಶ್ನೆ ಕೇಳಹತ್ತಿದರು. ಮೂರು ಸೆಕೆಂಡು! ಯಾವ ಸರಕಾರದ ಮಂಜೂರಿ ಬೇಕು ಇದಕ್ಕೆ? ಆದರೂ ಇದು ಕಠಿಣವೇ. ಮೌನವನ್ನು ತಾಳಿಕೊಳ್ಳುವದು ಮಾತಾಡುವದಕ್ಕಿಂತ ಕಠಿಣವೆಂಬದನ್ನು ಪಾಟೀಸವಾಲು ಮಾಡಿದ ಪ್ರತಿಯೊಬ್ಬ ವಕೀಲನೂ ಬಲ್ಲನು.

ಮೂರನೆಯದು, ಎಲ್ಲರಿಂದಲೂ ಉತ್ತರ ಪಡೆಯುವದು. ಐವತ್ತು ಮಕ್ಕಳಿರುವಲ್ಲಿ ಒಬ್ಬೊಬ್ಬರನ್ನೇ ಕೇಳುವದು ಹೇಗೆ ಎನ್ನುವಿರಾ? ನಮ್ಮ ಹಳೆಯ ಪಾಟಿಯನ್ನು ಮರಳಿ ಕರೆತನ್ನಿರಿ. ಮೂರರಲ್ಲೊಂದು ದೊಡ್ಡದೋ ನಾಲ್ಕರಲ್ಲೊಂದು ದೊಡ್ಡದೋ ಎಂದು ಕೇಳಿ, ಎಲ್ಲರೂ ಬರೆದು, ಚಪ್ಪಾಳೆ ತಟ್ಟಿದೊಡನೆ ಪಾಟಿಯನ್ನು ಎತ್ತಿ ಹಿಡಿಯಲೆನ್ನಿರಿ. ಒಂದು ನೋಟಕ್ಕೆ ಐವತ್ತು ಮನಸ್ಸುಗಳು ನಿಮ್ಮ ಕಣ್ಣಿಗೆ ಕಂಡುಬಿಡುತ್ತವೆ. ನೆರೆಯವನ ಪಾಟಿಯನ್ನು ನೋಡಿ ಬರೆಯುವ ಸಮಯ ಯಾರಿಗೂ ಸಿಗದು. ಹಿಂದಿನ ಸಾಲಿನ ಮಗುವೂ ಪಾಠದೊಳಗೆ ಬಂದೇ ಬರಬೇಕಾಗುವದು.

ನಾಲ್ಕನೆಯದು, ತಪ್ಪು ಉತ್ತರವನ್ನು ಅಪರಾಧವೆಂದೆಣಿಸದೆ ಸಾಕ್ಷ್ಯವೆಂದೆಣಿಸುವದು. ನಾಲ್ಕರಲ್ಲೊಂದೇ ದೊಡ್ಡದೆಂದು ಬರೆದ ಮಗು ಪೆದ್ದನಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದೆಂದು ತಾನು ನಿನ್ನೆ ಕಲಿತ ಸತ್ಯವನ್ನೇ ಇಂದು ತಪ್ಪಾದ ಸ್ಥಳದಲ್ಲಿ ಹಚ್ಚಿದೆ. “ಯಾಕೆ ಹಾಗೆಂದಿ?” ಎಂದು ಮೃದುವಾಗಿ ಕೇಳಿದರೆ ಆ ಎಳೆ ಕೈಗೆ ಸಿಗುತ್ತದೆ. ಆಗ, “ಒಂದು ರೊಟ್ಟಿಯನ್ನು ಮೂವರು ಹಂಚಿಕೊಂಡರೆ ನಿನಗೆ ಹೆಚ್ಚು ಬರುವದೋ, ನಾಲ್ವರು ಹಂಚಿಕೊಂಡರೆ ಹೆಚ್ಚು ಬರುವದೋ?” ಎಂದು ಕೇಳಿರಿ. ಹಸಿದ ಮಗು ಈ ಲೆಕ್ಕದಲ್ಲಿ ಎಂದೂ ತಪ್ಪುವದಿಲ್ಲ. “ತಪ್ಪು, ಕೂಡ್ರು” ಎಂದು ಬಾಯಿ ಮುಚ್ಚಿಸಿದರೆ ಆ ತಪ್ಪು ಮುಚ್ಚಿದ ಬಾಯಿಯೊಳಗೆ ಭದ್ರವಾಗಿ ಉಳಿಯುತ್ತದೆ.

ಐದನೆಯದು, ಮಕ್ಕಳು ಮಕ್ಕಳಿಗೆ ಕಲಿಸುವಂತೆ ಬಿಡುವದು. ಅಮೇರಿಕೆಯ ಹಾರ್ವರ್ಡ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದ ಎರಿಕ್ ಮಜೂರ್ ಎಂಬವರು ೧೯೯೧ರಿಂದ ಒಂದು ಕ್ರಮವನ್ನು ನಡೆಸಿಕೊಂಡು ಬಂದರು. ಪ್ರಶ್ನೆಯನ್ನು ಮುಂದಿಟ್ಟು ಪ್ರತಿಯೊಬ್ಬನಿಂದಲೂ ಉತ್ತರ ಪಡೆಯುವದು. ಅದು ಸರಿಯೋ ತಪ್ಪೋ ಎಂದು ಹೇಳದೆ, ಪಕ್ಕದವನೊಡನೆ ವಾದಿಸಿ ಅವನನ್ನು ಒಪ್ಪಿಸಲು ಹೇಳುವದು. ಆ ಮೇಲೆ ಮತ್ತೆ ಉತ್ತರ ಕೇಳುವದು. ಕೊನೆಗೆ ತಾವು ವಿವರಿಸುವದು. ಈಗ ತಾನೇ ತಿಳಿದುಕೊಂಡ ಹುಡುಗನಿಗೆ, ತಿಳಿಯದವನು ಎಲ್ಲಿ ಎಡವುತ್ತಾನೆಂಬದು ಪಂಡಿತನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇದು ಬಳ್ಳಾರಿ ಜಿಲ್ಲೆಯ ಹಳೆಯ ಜಗಲಿಗಳ ಮೇಲಿನ ರೀತಿಗೆ ತೀರ ದೂರದ್ದೇನಲ್ಲ. ನಮ್ಮ ಪ್ರಾಥಮಿಕ ಶಾಲೆಗಳ ‘ನಲಿಕಲಿ’ ಪದ್ಧತಿಯೂ ಈ ಬಗೆಯದೇ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ತಾಲೂಕಿನಲ್ಲಿ ಮೊದಲಾದ ಅದರಲ್ಲಿ ಮಕ್ಕಳು ಗುಂಪುಗುಂಪಾಗಿ, ತಮ್ಮ ತಮ್ಮ ವೇಗದಲ್ಲಿ ಕಲಿಯುವರು. ಅದನ್ನು ಕೆಲವೆಡೆ ಬರಿಯ ಕಾರ್ಡು ಜೋಡಿಸುವ ಕವಾಯತನ್ನಾಗಿ ಮಾಡಿದ ದೋಷ ಪದ್ಧತಿಯದಲ್ಲ, ಅದರ ಜೀವವನ್ನು ಅರಿಯದೆ ನಡೆಸಿದವರದು.

ಆರನೆಯದು, ಪಾಠವನ್ನು ನಿನ್ನೆಯ ಪ್ರಶ್ನೆಯಿಂದ ಆರಂಭಿಸುವದು. ಪುಸ್ತಕ ಮುಚ್ಚಿಸಿ, ನಿನ್ನೆ ಕಲಿತದ್ದರಲ್ಲಿ ಮೂರು ಸಂಗತಿಗಳನ್ನು ಬರೆಯಿಸಿರಿ. ಹಿಂದಿನವರು ಪಾಠ ‘ಒಪ್ಪಿಸು’ ಎನ್ನುತ್ತಿದ್ದರಲ್ಲ, ಅದರಲ್ಲಿ ಒಂದು ತಿರುಳಿತ್ತು. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವನ್ನು ನೋಡಿರಿ. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು; ಇನ್ನೊಂದು ಭಾಗವನ್ನು ಒಂದು ಸಲ ಓದಿ, ಪುಸ್ತಕವಿಲ್ಲದೆ ನೆನೆದು ಬರೆದರು. ಐದು ನಿಮಿಷಗಳ ಮೇಲೆ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ಮೇಲೆ ಕೇಳಿದಾಗ, ಎರಡು ಸಲ ಓದಿದ್ದರಲ್ಲಿ ನೂರಕ್ಕೆ ೪೨, ನೆನೆದು ಬರೆದದ್ದರಲ್ಲಿ ನೂರಕ್ಕೆ ೫೬ ಉಳಿದಿತ್ತು. ಆದುದರಿಂದ ನಾವು ನೆನಪಿನ ವೈರಿಗಳಲ್ಲ. ಮಗ್ಗಿಯೂ ಬೇಕು, ಪದ್ಯವೂ ಕಂಠಸ್ಥವಾಗಬೇಕು. ಅರ್ಥವನ್ನು ಕೇಳದ ಬಾಯಿಪಾಠಕ್ಕಷ್ಟೇ ನಮ್ಮ ವಿರೋಧ.

ಇನ್ನು ಆಕ್ಷೇಪಣೆಗಳು. “ಹೀಗೆ ಕೇಳುತ್ತ ಕುಳಿತರೆ ಪಾಠಕ್ರಮ ಮುಗಿಯುವದು ಯಾವಾಗ?” ಎಂಬದು ಮೊದಲನೆಯದು. ಯಾರ ಪಾಠಕ್ರಮ ಮುಗಿಯಬೇಕು? ಮಾಸ್ತರರದೋ, ಮಕ್ಕಳದೋ? ಬಂಡಿ ಊರು ಮುಟ್ಟಿತು, ಕಾಳು ಹಾದಿಯುದ್ದಕ್ಕೂ ಸೋರಿತೆಂದರೆ ಒಕ್ಕಲಿಗನು ಸಂತೋಷಪಡುವನೇ? ಉಪನ್ಯಾಸವನ್ನಷ್ಟೇ ಕೇಳಿದ ವಿದ್ಯಾರ್ಥಿಗಳನ್ನೂ, ತರಗತಿಯಲ್ಲಿ ಪ್ರಶ್ನೆ-ಚರ್ಚೆ-ಕೆಲಸಗಳಲ್ಲಿ ತೊಡಗಿದವರನ್ನೂ ಹೋಲಿಸಿದ ೨೨೫ ಅಧ್ಯಯನಗಳನ್ನು ಅಮೇರಿಕೆಯ ವಿದ್ವಾಂಸರು ಒಟ್ಟುಗೂಡಿಸಿ ೨೦೧೪ರಲ್ಲಿ ಪ್ರಕಟಿಸಿದರು. ಅವು ಕಾಲೇಜಿನ ವಿಜ್ಞಾನ, ಗಣಿತ, ಯಂತ್ರಶಾಸ್ತ್ರಗಳಿಗೆ ಸಂಬಂಧಿಸಿದವು. ಮೊದಲಿನವರಲ್ಲಿ ನೂರಕ್ಕೆ ಸುಮಾರು ೩೪ ಮಂದಿ ನಪಾಸಾದರೆ ಎರಡನೆಯವರಲ್ಲಿ ಸುಮಾರು ೨೨ ಮಂದಿ ಮಾತ್ರ. ಇನ್ನೊಂದು ಮಾತು ಇದಕ್ಕಿಂತ ಸ್ವಾರಸ್ಯಕರವಾಗಿದೆ. ೨೦೧೯ರಲ್ಲಿ ಹಾರ್ವರ್ಡದಿಂದಲೇ ಪ್ರಕಟವಾದ ಪ್ರಯೋಗದಲ್ಲಿ, ಸೊಗಸಾದ ಉಪನ್ಯಾಸ ಕೇಳಿದವರು ತಾವು ಹೆಚ್ಚು ಕಲಿತೆವೆಂದು ಭಾವಿಸಿದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ತಾವೇ ಹೆಣಗಿ ಕಲಿತವರು. ತಿಳಿಯಿತೆಂಬ ಹಿತವೇ ಬೇರೆ, ತಿಳಿವಳಿಕೆಯೇ ಬೇರೆ.

“ಶಿಸ್ತು ಕೆಡುತ್ತದೆ” ಎಂಬದು ಎರಡನೆಯ ಆಕ್ಷೇಪಣೆ. ಸ್ಮಶಾನದಲ್ಲಿಯೂ ಶಾಂತಿಯಿದೆ, ಅದು ಶಿಸ್ತಲ್ಲ. ಗದ್ದಲಕ್ಕೂ ಚರ್ಚೆಗೂ ಅಂತರವಿದೆ, ಆ ಅಂತರವನ್ನು ಮಕ್ಕಳಿಗೆ ಕಲಿಸಬೇಕಾದದ್ದು ಶಾಲೆಯೇ. ಒಬ್ಬನು ಮಾತಾಡುವಾಗ ಇನ್ನೊಬ್ಬನು ಕೇಳಬೇಕು, ಮಾತನ್ನು ಖಂಡಿಸಬೇಕು, ಮನುಷ್ಯನನ್ನಲ್ಲ. ಇದಕ್ಕಿಂತ ದೊಡ್ಡ ಶಿಸ್ತು ಯಾವದು? ಇದು ಒಂದೇ ದಿನದಲ್ಲಿ ಬರುವದಿಲ್ಲವೆಂಬದೂ ನಿಜ. ಗಿಜುಭಾಯಿಯವರು ‘ದಿವಾಸ್ವಪ್ನ’ವೆಂಬ ತಮ್ಮ ಗ್ರಂಥದಲ್ಲಿ ಕಲ್ಪಿಸಿದ ಉತ್ಸಾಹಿ ಉಪಾಧ್ಯಾಯನು ಮೊದಲನೆಯ ದಿನ ಮಕ್ಕಳಿಗೆ ಮೌನದ ಆಟ ಕಲಿಸಹೋಗಿ ಗದ್ದಲದ ಸುಗ್ಗಿಯನ್ನೇ ಕೊಯ್ದನು; ಅವನು ಧೃತಿಗೆಡದೆ ಮರುದಿನ ಕಥೆ ಹಿಡಿದನು, ಮಕ್ಕಳು ಅವನನ್ನು ಹಿಡಿದರು.

“ಮಕ್ಕಳು ಕೇಳಿದ್ದು ನಮಗೇ ತಿಳಿಯದಿದ್ದರೆ ಮಾನವೆಲ್ಲಿ ಉಳಿಯಿತು?” ಎಂಬದು ಬಾಯಿಬಿಟ್ಟು ಯಾರೂ ಆಡದ, ಆದರೆ ಎಲ್ಲಕ್ಕೂ ಮೂಲವಾದ ಮೂರನೆಯ ಆಕ್ಷೇಪಣೆ. ಪಿಪ್ಪಲಾದ ಮಹರ್ಷಿಗೆ ಹೋಗದ ಮಾನ ನಮ್ಮದು ಹೋಗುವದೇ? ಆ ಆರು ಮಂದಿಯಲ್ಲೊಬ್ಬನಾದ ಸುಕೇಶನು, ಕೋಸಲದ ರಾಜಪುತ್ರನು ತನ್ನಲ್ಲಿಗೆ ಬಂದು ಪ್ರಶ್ನೆ ಕೇಳಿದಾಗ ತನಗೆ ತಿಳಿಯದೆಂದು ನೇರವಾಗಿ ಹೇಳಿದವನು. ಸುಳ್ಳಾಡಿದವನು ಬೇರುಸಹಿತ ಒಣಗುವನೆಂಬ ಭಯ ಅವನಿಗಿತ್ತು. “ನನಗೂ ತಿಳಿಯದು, ನೀನೂ ಹುಡುಕು, ನಾನೂ ಹುಡುಕುವೆ, ನಾಳೆ ಕೂಡಿ ನೋಡೋಣ” ಎಂದ ಗುರುವಿನ ಮೇಲೆ ಮಕ್ಕಳ ಗೌರವ ಇಮ್ಮಡಿಸುವದೇ ಹೊರತು ಕಡಿಮೆಯಾಗದು.

ಭಾಷೆಯ ಮಾತನ್ನು ಇಲ್ಲಿ ಆಡದಿದ್ದರೆ ವಿಷಯ ಅರ್ಧವಾಗುವದು. ಕೇಳಿದ್ದನ್ನು ಉರು ಹೊಡೆದು ಒಪ್ಪಿಸಲು ಯಾವ ಭಾಷೆಯಾದರೂ ಸಾಕು. ಆದರೆ ಪ್ರಶ್ನೆ ಹುಟ್ಟುವದು ಮಗು ಕನಸು ಕಾಣುವ ಭಾಷೆಯಲ್ಲಿ ಮಾತ್ರ. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರಕಾರವು ಶಾಲೆಗಳ ಮೇಲೆ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರ ಮೇ ೬ರಂದು ನಿರ್ಣಯಿಸಿದೆ. ೨೦೧೯ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಆ ವಾದವನ್ನು ಇಲ್ಲಿ ಮತ್ತೆ ಹೂಡುವದಿಲ್ಲ. ಮಾಧ್ಯಮ ಯಾವದೇ ಇರಲಿ, ಪ್ರಶ್ನೆಯನ್ನು ಮನೆಯ ಮಾತಿನಲ್ಲಿ ಕೇಳುವ ಹಕ್ಕು ಪ್ರತಿಯೊಂದು ಮಗುವಿಗೂ ಇರಲಿ, ಇಷ್ಟನ್ನಾದರೂ ಎಲ್ಲರೂ ಒಪ್ಪಬಹುದಲ್ಲವೇ? ಇಂಗ್ಲಿಷಿನಲ್ಲಿ ಕೇಳು ಎಂದರೆ ಹತ್ತರಲ್ಲಿ ಒಂಬತ್ತು ಪ್ರಶ್ನೆಗಳು ಗಂಟಲಲ್ಲಿಯೇ ಸಾಯುತ್ತವೆ. ಗ್ರಂಥದ ಕನ್ನಡದಲ್ಲಿಯೇ ಕೇಳು ಎಂದರೂ ಅಷ್ಟೇ. ಬಾಗಲಕೋಟೆಯ ಮಗು, ಕುಂದಾಪುರದ ಮಗು, ಕೊಳ್ಳೇಗಾಲದ ಮಗು, ತಾಂಡೆಯ ಲಂಬಾಣಿ ಮಗು, ಮರಾಠಿ ಅಥವಾ ತೆಲುಗು ಮನೆಮಾತಿನ ಗಡಿಯ ಮಗು, ಪ್ರತಿಯೊಂದೂ ತನ್ನ ನುಡಿಯಲ್ಲಿ ಕೇಳಲಿ. ಪ್ರಶ್ನೆಗೆ ಉತ್ತರ ಕೊಡುವ ಮೊದಲು ಅದರ ವ್ಯಾಕರಣವನ್ನು ತಿದ್ದುವ ಮಾಸ್ತರರು ಆ ಮಗುವಿನಿಂದ ಎರಡನೆಯ ಪ್ರಶ್ನೆಯನ್ನು ಎಂದೂ ಕೇಳಲಾರರು.

ಕಾಯಿದೆಯು ನಮ್ಮ ಪಕ್ಷದಲ್ಲಿಯೇ ಇದೆ. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಹೊಡೆಯುವದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಗುವು ಭಯವಿಲ್ಲದೆ ಕಲಿಯುವಂತೆ, ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳುವಂತೆ ಪಾಠಕ್ರಮವಿರಬೇಕೆಂದು ಅದರ ೨೯ನೆಯ ಕಲಮು ಹೇಳುತ್ತದೆ. ಕೆಳಗಿನ ಪ್ರಾಥಮಿಕ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೊಬ್ಬರು ಉಪಾಧ್ಯಾಯರೆಂಬ ಪ್ರಮಾಣವನ್ನೂ ಅದು ಗೊತ್ತುಪಡಿಸಿದೆ. ಈ ಪ್ರಮಾಣವನ್ನು ಎಲ್ಲ ಊರುಗಳಲ್ಲಿಯೂ ಪಾಲಿಸುವ ಹೊಣೆ ಸರಕಾರದ್ದು. ಅದನ್ನು ನೆನಪು ಮಾಡಿಕೊಡುವ ಹೊಣೆ ಪಾಲಕರಾದ ನಮ್ಮದು. ಕಾಗದ ತುಂಬುವ, ಜನಗಣತಿ ಎಣಿಸುವ, ಚುನಾವಣೆ ನಡೆಸುವ ಕೆಲಸಗಳನ್ನೆಲ್ಲ ಹೇರಿ, “ಮಾಸ್ತರರು ಕಲಿಸುವದಿಲ್ಲ” ಎಂದು ದೂರುವದು ಎತ್ತಿಗೆ ಮೇವು ಹಾಕದೆ ಬಾರುಕೋಲು ಬೀಸಿದಂತೆ.

ಇಷ್ಟೆಲ್ಲ ಏಕೆ? ಇದು ಬರಿಯ ಪಾಸು-ನಪಾಸಿನ ಪ್ರಶ್ನೆಯಲ್ಲ. ಶಾಲೆಯಲ್ಲಿ ಹತ್ತು ವರುಷ “ಹೌದ್ರೀ ಸರ” ಎಂದವನು ಮುಂದೆ ಏನಾಗುತ್ತಾನೆಂಬದನ್ನು ನಮ್ಮ ಕಸುಬಿನವರು ದಿನವೂ ಕಾಣುತ್ತೇವೆ. ಕಾಗದದಲ್ಲಿ ಏನು ಬರೆದಿದೆಯೆಂದು ಕೇಳದೆ ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕುವನು. ಕ್ರಯಪತ್ರವೋ ಭೋಗ್ಯಪತ್ರವೋ ವಿಚಾರಿಸದೆ ನೋಂದಣಿ ಕಚೇರಿಯಲ್ಲಿ ಹೆಬ್ಬೆರಳೊತ್ತುವನು. ಹೊಲ ಕೈಬಿಟ್ಟ ಮೇಲೆ ವಕೀಲರ ಮನೆಯ ಕಟ್ಟೆಯ ಮೇಲೆ ಬಂದು ಕೂಡ್ರುವನು. ಅವನಿಗೆ ಓದು ಬರುತ್ತದೆ, ಬರಹ ಬರುತ್ತದೆ, ಕೇಳುವದೊಂದು ಬರುವದಿಲ್ಲ. ಗ್ರಾಮಸಭೆಯಲ್ಲಿ ಜಮಾಖರ್ಚನ್ನು ಓದಿದಾಗ ಕೈಯೆತ್ತಿ ‘ಮಂಜೂರು’ ಎಂದು ಎದ್ದುಹೋಗುವವನೂ ಅವನೇ. ಪರಕೀಯರ ಆಳಿಕೆಗೆ ಇಂಥ ಪ್ರಜೆಗಳು ಬೇಕಾಗಿದ್ದರು. ಕಾರಕೂನರನ್ನು ತಯಾರಿಸುವ ಶಾಲೆಯಲ್ಲಿ ಪ್ರಶ್ನೆಗೆ ಸ್ಥಳವಿರಲಿಲ್ಲ. ಸ್ವರಾಜ್ಯಕ್ಕೆ ಇಂಥ ಪ್ರಜೆಗಳಿಂದ ಕೆಲಸವಾಗದು. ೧೯೪೨ರ ಚಳವಳಿಯಲ್ಲಿ ಸೆರೆಮನೆ ಕಂಡು, ಮುಂದೆ ಬೆಂಗಳೂರಿನ ನ್ಯಾಶನಲ್ ಕಾಲೇಜಿನ ಪ್ರಾಂಶುಪಾಲರಾಗಿ, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವದನ್ನೂ ಒಪ್ಪಬಾರದೆಂದು ಜೀವಮಾನವೆಲ್ಲ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದರು. ಸ್ವಾತಂತ್ರ್ಯದ ಹೋರಾಟಕ್ಕೂ ತರಗತಿಯ ಪ್ರಶ್ನೆಗೂ ಇರುವ ನಂಟು ಅವರ ಬಾಳಿನಲ್ಲಿಯೇ ಇದೆ.

ನಮ್ಮ ಉಪಾಧ್ಯಾಯ ಬಂಧುಭಗಿನಿಯರಲ್ಲಿ ಕೊನೆಯದಾಗಿ ಒಂದೇ ವಿಜ್ಞಾಪನೆ. ಬರುವ ಸೋಮವಾರದಿಂದ ಒಂದು ವಾರ, ಕರಿಹಲಗೆಯ ಒಂದು ಮೂಲೆಯಲ್ಲಿ ಒಂದು ಚೌಕ ಹಾಕಿರಿ. ಮಕ್ಕಳು ತಾವಾಗಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಅದರಲ್ಲಿ ಒಂದು ಗೀಟು ಹಾಕಿರಿ. ನೀವು ಕೇಳಿದ್ದಕ್ಕಲ್ಲ, ಅವರು ಕೇಳಿದ್ದಕ್ಕೆ. ಮೊದಲ ದಿನ ಚೌಕ ಬರಿದಾಗಿಯೇ ಉಳಿದರೆ ಬೇಸರಪಡಬೇಡಿರಿ. ಎರಡನೆಯ ದಿನ, “ಈ ಪಾಠದಲ್ಲಿ ನಿಮಗೆ ಸಂಶಯ ಬಂದ ಒಂದು ಸಂಗತಿಯನ್ನು ಪಾಟಿಯ ಮೇಲೆ ಬರೆಯಿರಿ” ಎಂದು ಹೇಳಿ ನೋಡಿರಿ. ಶನಿವಾರ ಆ ಗೀಟುಗಳನ್ನು ಎಣಿಸಿರಿ. ಪಾಲಕರೂ ಅಷ್ಟೇ; ಸಂಜೆ ಮನೆಗೆ ಬಂದ ಮಗುವನ್ನು “ಇವತ್ತು ಏನು ಕಲಿಸಿದರು?” ಎಂದು ಕೇಳುವದರ ಬದಲು, “ಇವತ್ತು ನೀನು ಏನು ಕೇಳಿದಿ?” ಎಂದು ಕೇಳಿರಿ. ತನಿಖೆಗೆ ಬರುವ ಅಧಿಕಾರಿಗಳು ಹಾಜರಿ ಪುಸ್ತಕವನ್ನು ನೋಡಿದ ಮೇಲೆ ಆ ಚೌಕವನ್ನೂ ಒಮ್ಮೆ ನೋಡಲಿ.